ಮೂರು ಬೇಸಿಗೆಯ ನೀರು: ಬಯಲುಸೀಮೆಯ ಅಂಗಳಕ್ಕೆ ಬಕುಳ

(ಚಿತ್ರದುರ್ಗದ ಒಂದು ಬಡಾವಣೆಯ ನಿವಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಬಡಾವಣೆಯವರು ನನ್ನನ್ನು ಕರೆದಾಗ ಕೇಳಿದ್ದು ಒಂದೇ ಪ್ರಶ್ನೆ. "ವರ್ಷವಿಡೀ ಹಸಿರಾಗಿರಬೇಕು, ನೀರು ಜಾಸ್ತಿ ಕೇಳಬಾರದು, ಅಂಥ ಮರ ಯಾವುದು ಹೇಳಿ." ಹೆಸರು ಹೇಳಲು ಅರ್ಧ ನಿಮಿಷ ಸಾಕು. ಬಕುಳ. ಉಳಿದ ಹೊತ್ತಿನಲ್ಲಿ ನಾನು ಹೇಳಬೇಕಾದದ್ದು ಬೇರೆಯೇ ಇದೆ. ಬರ ತಾಳುವ ಮರವನ್ನು ನರ್ಸರಿಯಲ್ಲಿ ದುಡ್ಡು ಕೊಟ್ಟು ತರಲು ಆಗುವುದಿಲ್ಲ. ಅಲ್ಲಿ ಸಿಗುವುದು ಬರ ತಾಳಬಲ್ಲ ಜಾತಿಯ ಒಂದು ಸಸಿ, ಅಷ್ಟೇ. ಆ ಸಸಿಗೆ ತಾಳುವ ಶಕ್ತಿ ಬರುವುದು ಮೊದಲ ಮೂರು ಬೇಸಿಗೆಯಲ್ಲಿ ನೀವು ಹೇಗೆ ನೀರು ಕೊಡುತ್ತೀರಿ ಅನ್ನುವುದರಿಂದ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಕೆಲವರು ನೀರೇ ಕೊಡುವುದಿಲ್ಲ. ಇನ್ನು ಕೆಲವರು ದಿನಾ ಕೊಟ್ಟು ಕೆಡಿಸುತ್ತಾರೆ.

ನಮ್ಮ ಜಿಲ್ಲೆಯ ಮಳೆಯ ಕಥೆ ನಿಮಗೆ ಗೊತ್ತೇ ಇದೆ. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಊರಿಗೆ ಊರೇ ನೋಡಲು ಹೋಯಿತು. ಮರುವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅದರ ಬೆನ್ನಿಗೇ, 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರಿನ ಜಲಮಂಡಳಿ ಹೇಳಿತು. ಮರ ಅಂದಮೇಲೆ ಐವತ್ತು, ಅರವತ್ತು ವರ್ಷ ಇರುವಂಥದ್ದು. ಇಂಥ ವರ್ಷಗಳು ಅದರ ಆಯುಸ್ಸಿನಲ್ಲಿ ಎಷ್ಟೋ ಬಂದುಹೋಗುತ್ತವೆ. ಆಗ ಟ್ಯಾಂಕರ್ ತರಿಸಿ ಮರ ಉಳಿಸಿಕೊಳ್ಳುವವರು ಯಾರು?

ಮೊದಲು ಮರದ ಪರಿಚಯ ಮಾಡಿಕೊಡುತ್ತೇನೆ. ಬಕುಳವನ್ನು ಕರಾವಳಿ, ಮಲೆನಾಡಿನ ಕಡೆ ರಂಜೆ, ರಂಜಲು ಅನ್ನುತ್ತಾರೆ. ಕೆಲವು ಕಡೆ ಪಗಡೆ ಮರ ಅಂತಲೂ ಹೇಳುತ್ತಾರೆ. ಸಸ್ಯಶಾಸ್ತ್ರದವರಿಗೆ ಇದು ಮಿಮುಸಾಪ್ಸ್ ಎಲೆಂಗಿ. ನಮ್ಮ ಸಪೋಟದ ಕುಟುಂಬದ್ದೇ. ಎಲೆ ಮುರಿದರೆ ಸಪೋಟದ ಹಾಗೇ ಹಾಲು ಬರುತ್ತದೆ. ಎಲೆ ದಪ್ಪ, ಮೇಲ್ಮೈ ಹೊಳೆಯುತ್ತದೆ, ಅಂಚು ಸ್ವಲ್ಪ ಅಲೆಅಲೆ. ಹೂವು ಚಿಕ್ಕದು, ನಕ್ಷತ್ರದ ಆಕಾರ, ಕೆನೆ ಬಣ್ಣ. ಮರದಲ್ಲಿ ಹೂ ಇದ್ದರೂ ಕಣ್ಣಿಗೆ ಬೀಳುವುದಿಲ್ಲ, ಮೂಗಿಗೆ ಬೀಳುತ್ತದೆ. ರಾತ್ರಿ, ಬೆಳಗಿನ ಜಾವ ಉದುರಿ ಬುಡದ ತುಂಬ ಹರಡಿರುತ್ತದೆ. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಸುರಗಿ ಹೂವಿಗೂ ಇದೇ ಗುಣ. ಹಾಗಾಗಿ ಎರಡನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ಅದು ಬೇರೆ ಮರ, ಇದು ಬೇರೆ.

ಬೆಂಗಳೂರಿನ ಬೀದಿಯ ಹಾಗೆ ಬಣ್ಣ ಬಣ್ಣದ ಹೂವಿನ ಮರ ಯಾಕೆ ಬೇಡ ಅಂತ ಮೊನ್ನೆ ಒಬ್ಬರು ಕೇಳಿದರು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕೃಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿ ಮರಗಳನ್ನು ಜೋಡಿಸಿದರು ಅಂತ ನಾವೆಲ್ಲ ಕೇಳಿದ್ದೇವೆ. ಚೆಂದವೇ. ಆದರೆ ಆ ಪೈಕಿ ಗುಲ್ಮೊಹರ್, ಜಕರಂಡದಂಥ ಎಷ್ಟೋ ಮರಗಳು ಬಿಸಿಲು ಏರುವ ಹೊತ್ತಿಗೇ ಎಲೆ ಕಳಚಿಕೊಂಡು ನಿಲ್ಲುತ್ತವೆ. ದುರ್ಗದ ಬಂಡೆಗಳ ಕಾವಿನಲ್ಲಿ ಕೂತವರಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಬೇಕಾಗುವುದು ನೆರಳು. ಬಕುಳದ ಎಲೆ ವರ್ಷವಿಡೀ ಒಂದೊಂದಾಗಿ ಬೀಳುತ್ತದೆ, ಒಂದೊಂದಾಗಿ ಬರುತ್ತದೆ. ಯಾವ ತಿಂಗಳಲ್ಲೂ ಮರ ಬೋಳಾಗುವುದಿಲ್ಲ. ಇದಕ್ಕೊಂದು ಬೆಲೆಯೂ ಇದೆ. ದಿನಾ ನಾಲ್ಕು ಎಲೆ ಗುಡಿಸುವುದು ತಪ್ಪುವುದಿಲ್ಲ.

ಹೊಂಗೆ ಯಾಕಾಗಬಾರದು? ಹೊಂಗೆ ನೆರಳಿನ ಮುಂದೆ ಇನ್ನೊಂದಿಲ್ಲ, ಒಪ್ಪುತ್ತೇನೆ. ಬೇಸಿಗೆಯ ಬಾಗಿಲಲ್ಲಿ ಎಲೆ ಉದುರಿಸಿ, ಕೆಲವೇ ದಿನದಲ್ಲಿ ತಿಳಿ ಹಸಿರು ಚಿಗುರು ತರುತ್ತದೆ. ಹೊಲದ ಬದುವಿಗೆ ನಾನು ಇವತ್ತಿಗೂ ಹೊಂಗೆಯನ್ನೇ ಹೇಳುತ್ತೇನೆ. ಆದರೆ ಅದು ಬೇಗ ಹರಡಿಕೊಳ್ಳುತ್ತದೆ, ಮನೆ ಅಂಗಳ ಅದಕ್ಕೆ ಸಾಲುವುದಿಲ್ಲ. ಬೇವು ಗಟ್ಟಿ ಮರ. ಈಚೆಗೆ ಬೇವಿನ ಚಿಗುರು ಬೆಂಕಿ ತಗುಲಿದ ಹಾಗೆ ಒಣಗುವುದನ್ನು ನೀವೂ ನೋಡಿರುತ್ತೀರಿ. ಟೀ ಸೊಳ್ಳೆ ಎನ್ನುವ ರಸ ಹೀರುವ ಕೀಟ, ಜೊತೆಗೆ ಒಂದು ಶಿಲೀಂಧ್ರ, ಎರಡೂ ಸೇರಿ ಮಾಡುವ ಕೆಲಸ. ಹೆಚ್ಚಿನ ಮರಗಳು ಮಳೆ ಬಂದಾಗ ಮತ್ತೆ ಚಿಗುರುತ್ತವೆ. ಹಾಗಾಗಿ ಅದನ್ನು ಕಡಿಯಬೇಡಿ.

ಒಂದು ಮರದ ಬಗ್ಗೆ ಮಾತ್ರ ಖಾರವಾಗಿ ಹೇಳುತ್ತೇನೆ. ಕೋನೋಕಾರ್ಪಸ್. ಹೊಸ ಲೇಔಟ್‌ಗಳ ಗೇಟಿನಲ್ಲಿ, ಹೆದ್ದಾರಿ ಮಧ್ಯದಲ್ಲಿ ಹಸಿರು ಗೋಡೆಯ ಹಾಗೆ ನಿಂತಿರುತ್ತದಲ್ಲ, ಅದು. ನಿತ್ಯ ಹಸಿರು, ಬರಕ್ಕೆ ಜಗ್ಗುವುದಿಲ್ಲ, ಎರಡೇ ವರ್ಷದಲ್ಲಿ ಆಳೆತ್ತರ ದಾಟುತ್ತದೆ. ನೀವು ಕೇಳಿದ ಎಲ್ಲ ಗುಣವೂ ಇದೆ, ಅಲ್ವಾ? ಆದರೆ ಅದು ಬರ ತಾಳುವುದು ನೀರನ್ನು ಉಳಿಸಿ ಅಲ್ಲ, ಹುಡುಕಿಕೊಂಡು ಹೋಗಿ. ಬೇರು ಕೊಳವೆ, ಚರಂಡಿ, ಕೇಬಲ್ ಹಾದಿಯಲ್ಲೆಲ್ಲ ನುಗ್ಗುತ್ತದೆ ಎಂಬ ದೂರು ಬಹಳ ಇದೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಬೇಗ ಬೆಳೆಯುವುದೇ ಒಳ್ಳೆಯ ಗುಣ ಅಂದುಕೊಂಡು ಮರ ಆರಿಸಿದರೆ ಹೀಗಾಗುತ್ತದೆ.

ಬಕುಳ ನಿಧಾನದ ಮರ. ಇದನ್ನು ಮುಚ್ಚಿಡುವುದಿಲ್ಲ. ಮೊದಲ ಎರಡು ವರ್ಷ "ಇದು ಬೆಳೀತಾ ಇದೆಯಾ ಇಲ್ವಾ" ಅನ್ನಿಸುತ್ತದೆ. ಬೀಜದ ಸಸಿ ಹೂ ಕಾಣಲು ಐದಾರು ವರ್ಷವಾದರೂ ಬೇಕು. ಕೆಲವು ಇನ್ನೂ ತಡ ಮಾಡುತ್ತವೆ. ಕಾಡಿನಲ್ಲಿ ಇದು 15, 20 ಮೀಟರ್ ಹೋಗುತ್ತದೆ. ನಮ್ಮ ನೆಲದಲ್ಲಿ, ಮನೆಯಂಗಳದಲ್ಲಿ 25, 30 ಅಡಿಯ ದುಂಡು ಮರವಾಗಿ ನಿಲ್ಲುತ್ತದೆ. ಅದೂ ದಶಕಗಳು ಕಳೆದ ಮೇಲೆ.

ಇಲ್ಲೊಂದು ಸೋಜಿಗ ಇದೆ. ಬಕುಳದ ತವರುಗಳಲ್ಲಿ ನಮ್ಮ ಪಶ್ಚಿಮಘಟ್ಟದ ಮಳೆಕಾಡೂ ಒಂದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಚಳ್ಳಕೆರೆ ಕಡೆ 500ರ ಆಸುಪಾಸು. ಅಲ್ಲಿಯ ಮರ ಇಲ್ಲಿ ಹೇಗೆ ಬದುಕುತ್ತದೆ? ಒಂದು, ಘಟ್ಟದಲ್ಲೂ ಡಿಸೆಂಬರ್‌ನಿಂದ ಮೇವರೆಗೆ ಹೇಳಿಕೊಳ್ಳುವಂಥ ಮಳೆ ಇರುವುದಿಲ್ಲ. ಐದಾರು ತಿಂಗಳು ಒಣ ಕಾಲವನ್ನು ಎಲೆ ಉದುರಿಸದೆ ಕಳೆಯುವುದು ಅದಕ್ಕೆ ಹೊಸದಲ್ಲ. ಎರಡು, ಎಲೆಯ ಮೇಲಿನ ಮೇಣದಂಥ ದಪ್ಪ ಸಿಪ್ಪೆ. ಬಿಸಿಲು ಜಾಸ್ತಿಯಾದಾಗ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡರೆ ಆಮೇಲೆ ಸಿಪ್ಪೆಯ ಮೂಲಕ ಹೋಗುವ ನೀರು ತೀರ ಕಡಿಮೆ. ಮೂರು, ನಿಧಾನ. ವರ್ಷಕ್ಕೆ ಒಂದಿಷ್ಟೇ ಎಲೆ, ಒಂದಿಷ್ಟೇ ರೆಂಬೆ ಮಾಡುವ ಮರಕ್ಕೆ ಬೇಕಾಗುವ ನೀರೂ ಒಂದಿಷ್ಟೇ. ಅದರ ಮರ ಅಷ್ಟು ಗಟ್ಟಿ, ಅಷ್ಟು ಭಾರ ಇರುವುದೂ ಇದೇ ಕಾರಣಕ್ಕೆ. ನಾವು ದೋಷ ಅಂತ ಬೈಯುವ ಆ ನಿಧಾನವೇ ಅದನ್ನು ಬರದಲ್ಲಿ ಉಳಿಸುತ್ತದೆ.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಇದೆ. ಇವೆಲ್ಲ ಕೆಲಸ ಮಾಡಬೇಕಾದರೆ ಬೇರು ಆಳಕ್ಕೆ ಇಳಿದಿರಬೇಕು. ಸಸಿಗೆ ಆ ಬೇರು ಇರುವುದಿಲ್ಲ. ಕವರಿನಲ್ಲಿ ಒಂದು ಗೇಣು ಮಣ್ಣು, ಅದರಲ್ಲಿ ಒಂದು ಗೇಣು ಬೇರು.

ನೆಡುವ ವಿಷಯಕ್ಕೆ ಬರೋಣ. ನಮ್ಮಲ್ಲಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದರೂ ನೆಡುವುದು ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ. ಆಗ ಬೇರು ಹಿಡಿದುಕೊಂಡರೆ ಉತ್ತರೆ, ಹಸ್ತ ಮಳೆ ಬಂದಾಗ ಅದರ ಲಾಭ ಪೂರ್ತಿ ಸಿಗುತ್ತದೆ. ಗುಂಡಿ 3 ಅಡಿ ಅಗಲ, 2 ಅಡಿ ಆಳ ಇರಲಿ. ಆಳಕ್ಕಿಂತ ಅಗಲ ಮುಖ್ಯ. ನಮ್ಮ ಗರಸು ನೆಲದಲ್ಲಿ ಹಾರೆ ಹಾಕಿ ಗುಂಡಿಯ ಗೋಡೆಯನ್ನು ಒರಟು ಮಾಡಿ. ನುಣ್ಣಗೆ ಕೊರೆದರೆ ಬೇರು ಗುಂಡಿಯೊಳಗೇ ಸುತ್ತು ಹಾಕುತ್ತದೆ. ಹಿರಿಯೂರು ಕಡೆಯ ಎರೆ ಮಣ್ಣಾದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಅರ್ಧ ಅಡಿ, ಮುಕ್ಕಾಲು ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬಕುಳ ಬರ ತಾಳುತ್ತದೆ, ಆದರೆ ಎಳೆ ಸಸಿಯ ಬುಡದಲ್ಲಿ ನೀರು ನಿಲ್ಲಬಾರದು.

ಬಡಾವಣೆಗಳಲ್ಲಿ ಇನ್ನೊಂದು ಕಾಟ ಇದೆ. ಮನೆ ಕಟ್ಟಿದಾಗ ಉಳಿದ ಜಲ್ಲಿ, ಸಿಮೆಂಟ್, ಇಟ್ಟಿಗೆ ಚೂರು ಎಲ್ಲ ಅಂಗಳದಲ್ಲೇ ಹೂತಿರುತ್ತದೆ. ಅಂಥ ಕಡೆ ನೆಟ್ಟ ಸಸಿಯ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸುಣ್ಣದ ಅಂಶ ಜಾಸ್ತಿಯಾಗಿ ಕಬ್ಬಿಣ ಎಳೆದುಕೊಳ್ಳಲು ಆಗುತ್ತಿಲ್ಲ ಅಂತ ಅರ್ಥ. ಗೊಬ್ಬರದ ಅಂಗಡಿಗೆ ಓಡುವ ಮೊದಲು ಗುಂಡಿ ತೋಡುವಾಗಲೇ ಆ ಕಸ ಎತ್ತಿ ಹಾಕಿ, ಹೊಲದ ಮಣ್ಣು ತುಂಬಿ.

ಗುಂಡಿ ತುಂಬ ಗೊಬ್ಬರ ಬೇಡ. ಮೂರು ಪಾಲು ಅಲ್ಲಿಯದೇ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಎರಡು ಹಿಡಿ ಬೇವಿನ ಹಿಂಡಿ. ಇಷ್ಟು ಸಾಕು. ಒಳಗೆ ಸುಖ ಜಾಸ್ತಿಯಾದರೆ ಬೇರು ಆಚೆ ಹೋಗುವುದಿಲ್ಲ. ಕವರ್ ಪೂರ್ತಿ ಹರಿದು ತೆಗೆಯಿರಿ. ತಳ ಮಾತ್ರ ಕುಯ್ದು ನೆಡುವ ಅಭ್ಯಾಸ ಬಿಡಿ. ಸುತ್ತಿಕೊಂಡಿರುವ ಬೇರನ್ನು ಬಿಡಿಸಿ. ಬಿಡಿಸಲು ಬಾರದ್ದನ್ನು ಕತ್ತರಿಸಿ. ಕಾಂಡ ಬೇರಾಗಿ ತಿರುಗುವ ಜಾಗ ನೆಲದ ಮಟ್ಟದಲ್ಲೇ ಇರಬೇಕು. ಆಳಕ್ಕೆ ನೆಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಮಣ್ಣಿನಲ್ಲಿ ಹೂತ ಕಾಂಡ ನಿಧಾನಕ್ಕೆ ಕೊಳೆಯುತ್ತದೆ. ಅದು ಗೊತ್ತಾಗುವುದು ವರ್ಷಗಳಾದ ಮೇಲೆ.

ಈಗ ನೀರು. ದಯವಿಟ್ಟು ಈ ಭಾಗ ಗಮನವಿಟ್ಟು ಕೇಳಿ.

ಮಳೆಗಾಲದಲ್ಲಿ ನೆಟ್ಟ ಮೊದಲ ತಿಂಗಳು ಮಳೆ ಬಾರದಿದ್ದರೆ ಎರಡು ದಿನಕ್ಕೊಮ್ಮೆ ಕೊಡಿ. ಆಗ ಕವರಿನ ಮಣ್ಣಿನಲ್ಲಿ ಮಾತ್ರ ಬೇರಿರುತ್ತದೆ, ಅದು ಬೇಗ ಒಣಗುತ್ತದೆ. ಆಮೇಲೆ ಅಂತರ ಹೆಚ್ಚಿಸುತ್ತ ಹೋಗಿ, ಪ್ರಮಾಣವನ್ನೂ ಹೆಚ್ಚಿಸಿ. ನಾನು ಹೇಳುವ ಲೆಕ್ಕ ಹೀಗೆ. ಮೊದಲ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ 20 ಲೀಟರ್. ಎರಡನೇ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ 40 ಲೀಟರ್. ಮೂರನೆಯದರಲ್ಲಿ ಮೂರು ವಾರಕ್ಕೊಮ್ಮೆ 80ರಿಂದ 100 ಲೀಟರ್. ಗರಸು ನೆಲದಲ್ಲಿ ಸ್ವಲ್ಪ ಬೇಗ, ಎರೆಯಲ್ಲಿ ಸ್ವಲ್ಪ ತಡ. ಇದು ಪಂಚಾಂಗ ಅಲ್ಲ, ಮಣ್ಣು ನೋಡಿ ಬದಲಾಯಿಸಿಕೊಳ್ಳಿ.

ಯಾಕೆ ಹೀಗೆ? ದಿನಾ ಸ್ವಲ್ಪ ಸ್ವಲ್ಪ ಸುರಿದರೆ ಮೇಲಿನ ನಾಲ್ಕು ಇಂಚು ಮಾತ್ರ ಒದ್ದೆಯಾಗುತ್ತದೆ. ಬೇರು ಒದ್ದೆ ಇರುವ ಕಡೆಯೇ ಹೆಚ್ಚು ಕವಲೊಡೆಯುತ್ತದೆ. ಆ ನಾಲ್ಕು ಇಂಚೇ ಏಪ್ರಿಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಕಾದು ಒಣಗುವ ಪದರ. ನೀವು ಹತ್ತು ದಿನ ಊರಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಐದು ವರ್ಷದ ಮರವಾದರೂ ಬಾಡುತ್ತದೆ. ಜನ ಆಗ "ಬಕುಳ ಬರ ತಾಳುತ್ತೆ ಅಂದಿದ್ರು, ಸುಮ್ನೆ" ಅನ್ನುತ್ತಾರೆ. ಒಮ್ಮೆಗೇ ಜಾಸ್ತಿ ಕೊಟ್ಟರೆ ನೀರು ಇನ್ನೂ ಕೆಳಗೆ ಇಳಿಯುತ್ತದೆ. ಮೇಲಿನ ಪದರ ಒಣಗಿದರೂ ಕೆಳಗೆ ತೇವ ಉಳಿಯುತ್ತದೆ. ಬೇರು ಅಲ್ಲಿಗೆ ಹೋಗುತ್ತದೆ.

ಎಲ್ಲಿ ಹಾಕುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಪಾತಿ ಮೊದಲ ವರ್ಷ ಬುಡದಿಂದ ಒಂದೂವರೆ ಅಡಿ ಇರಲಿ. ಎರಡನೇ ವರ್ಷ ಮೂರಡಿಗೆ ಹಿಗ್ಗಿಸಿ, ಮೂರನೇ ವರ್ಷ ನಾಲ್ಕೈದು ಅಡಿಗೆ. ಬುಡಕ್ಕೆ ತಾಗಿ ನೀರು ನಿಲ್ಲದ ಹಾಗೆ ಅಲ್ಲಿ ಸ್ವಲ್ಪ ಮಣ್ಣು ಏರಿಸಿ. ಡ್ರಿಪ್ ಹಾಕಿದವರು ಒಂದು ಕೆಲಸ ಮರೆಯುತ್ತಾರೆ. ಸಸಿ ಇದ್ದಾಗ ಬುಡದಲ್ಲಿ ಇಟ್ಟ ಡ್ರಿಪ್ಪರ್ ಮರವಾದ ಮೇಲೂ ಅಲ್ಲೇ ಇರುತ್ತದೆ. ಪ್ರತಿ ವರ್ಷ ಅದನ್ನು ಆಚೆ ಸರಿಸಬೇಕು.

ನೀರು ತೀರ ಕಡಿಮೆ ಇರುವವರಿಗೆ ಮಡಕೆ ಒಳ್ಳೆಯ ದಾರಿ. ಸುಟ್ಟ ಮಣ್ಣಿನದು, ಬಣ್ಣ ಬಳಿಯದ್ದು, 8, 10 ಲೀಟರಿನದು. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಕುತ್ತಿಗೆವರೆಗೆ ಹೂತು ನೀರು ತುಂಬಿ. ಮಣ್ಣು ಒಣಗಿದಷ್ಟೂ ಮಡಕೆ ನೀರು ಬಿಟ್ಟುಕೊಡುತ್ತದೆ, ಒದ್ದೆ ಇದ್ದರೆ ಬಿಡುವುದಿಲ್ಲ. ಬಾಯಿಗೆ ಮುಚ್ಚಳ ಇಡುವುದು ಕಡ್ಡಾಯ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗಾಗುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗಡಸಿಗೆ ವರ್ಷ, ಎರಡು ವರ್ಷದಲ್ಲಿ ಮಡಕೆಯ ರಂಧ್ರ ಕಟ್ಟಿಕೊಳ್ಳುತ್ತದೆ. ಆಗ ಹೊಸದು ಇಡಿ.

ಮನೆಯ ಬಳಸಿದ ನೀರು ಹಾಕಬಹುದಾ ಅಂತ ನಿಮ್ಮಲ್ಲಿ ಹಲವರು ಮೊದಲೇ ಕೇಳಿದ್ದೀರಿ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ವಾಷಿಂಗ್ ಮಷೀನಿನ ಸೋಪಿನ ನೀರು ಎಳೆ ಸಸಿಗೆ ಬೇಡ. ಅದರಲ್ಲಿರುವ ಸೋಡಿಯಂ ಮಣ್ಣನ್ನು ಬಿಗಿ ಮಾಡುತ್ತದೆ, ಆಮೇಲೆ ನೀರು ಇಂಗುವುದೇ ಇಲ್ಲ. ಆರ್‌ಒ ಮಷೀನ್ ಆಚೆ ಬಿಡುವ ನೀರಿನಲ್ಲಿ ಉಪ್ಪಿನಂಶ ಮೊದಲಿಗಿಂತ ಜಾಸ್ತಿ ಇರುತ್ತದೆ. ಅದೊಂದನ್ನೇ ದಿನಾ ಹಾಕಬೇಡಿ. ಅಪರೂಪಕ್ಕೆ, ಬೇರೆ ನೀರು ಬೆರೆಸಿ ಹಾಕಿದರೆ ತೊಂದರೆ ಇಲ್ಲ.

ಬುಡಕ್ಕೆ ಹೊದಿಕೆ ಬೇಕೇ ಬೇಕು. ಪಕ್ಕದ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ಇರುವುದರಿಂದ ನಮಗೆ ಶೇಂಗಾ ಹೊಟ್ಟಿಗೆ ಬರವಿಲ್ಲ. ಮೂರು ನಾಲ್ಕು ಇಂಚು ದಪ್ಪಕ್ಕೆ ಹರಡಿ. ಇಲ್ಲವೇ ತೆಂಗಿನ ಸಿಪ್ಪೆ, ತರಗೆಲೆ, ಯಾವುದಾದರೂ ಸರಿ. ಕಾಂಡದಿಂದ ಒಂದು ಗೇಣು ಬಿಟ್ಟು ಹಾಕಿ, ಇಲ್ಲದಿದ್ದರೆ ಗೆದ್ದಲು ಹೊದಿಕೆಯಿಂದ ನೇರ ತೊಗಟೆಗೆ ಹತ್ತುತ್ತದೆ. ಬಿದ್ದ ಎಲೆ ಗುಡಿಸಿ ಬೆಂಕಿ ಹಾಕುವ ಬದಲು ಆ ಪಾತಿಗೇ ಹಾಕಿ ಅಂದರೆ ಕೆಲವರಿಗೆ ಅಂಗಳ ಗಲೀಜಾಗುತ್ತದೆ ಅನ್ನಿಸುತ್ತದೆ. ನನಗೆ ಟೈಲ್ಸ್ ಹಾಕಿದ ಅಂಗಳವೇ ಗಲೀಜು ಅನ್ನಿಸುತ್ತದೆ. ಅದು ಹೋಗಲಿ ಬಿಡಿ.

ನೀರು ಸಾಕೋ ಬೇಕೋ ಎಂದು ಬಕುಳ ಬೇಗ ಹೇಳುವುದಿಲ್ಲ. ದಾಸವಾಳದ ಎಲೆ ಮಧ್ಯಾಹ್ನವೇ ಜೋತು ಬೀಳುತ್ತದೆ, ಸಂಜೆ ನೀರು ಹಾಕಿದರೆ ಏಳುತ್ತದೆ. ಬಕುಳದ ಎಲೆ ದಪ್ಪ, ಅದು ಜೋತು ಬೀಳುವುದಿಲ್ಲ. ಮೊದಲು ತುದಿಯ ಎಳೆ ಚಿಗುರು ಬಾಗುತ್ತದೆ. ಆಮೇಲೆ ಎಲೆಯ ಹೊಳಪು ಹೋಗುತ್ತದೆ. ಎಲೆ ಕಂದಾಗಿ ಒಣಗುವ ಹೊತ್ತಿಗೆ ಕೆಳಗೆ ಸಾಕಷ್ಟು ಬೇರು ಸತ್ತಿರುತ್ತದೆ. ಅದಕ್ಕೇ ಎಲೆಯನ್ನು ನಂಬಬೇಡಿ. ಪಾತಿಯ ಅಂಚಿನಲ್ಲಿ ಅರ್ಧ ಅಡಿ ಕೆದಕಿ ಮಣ್ಣು ಹಿಡಿದು ನೋಡಿ. ಉಂಡೆ ಕಟ್ಟಿದರೆ ಇನ್ನೂ ಕಾಯಬಹುದು.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲದ ಶುರುವಿನಲ್ಲಿ, ಒಂದೆರಡು ಬುಟ್ಟಿ ಕೊಟ್ಟಿಗೆ ಗೊಬ್ಬರ. ಯೂರಿಯಾ ಹಾಕಬೇಡಿ. ಹಾಕಿದರೆ ಎಲೆ ಬರುತ್ತದೆ, ನಿಜ. ಆ ಎಲೆಗೆಲ್ಲ ನೀರು ಒದಗಿಸುವ ಬೇರು ಬಂದಿರುವುದಿಲ್ಲ. ಸುಂದರಿಯೊಬ್ಬಳು ಬಾಯಲ್ಲಿ ಮದ್ಯ ತುಂಬಿಕೊಂಡು ಉಗುಳಿದರೆ ಬಕುಳ ಹೂ ಬಿಡುತ್ತದೆ ಅಂತ ಹಳೆಯ ಕವಿಗಳ ಮಾತು. ಅಷ್ಟು ತೊಂದರೆ ತೆಗೆದುಕೊಳ್ಳಬೇಡಿ, ಸೆಗಣಿ ಗೊಬ್ಬರಕ್ಕೇ ಬಿಡುತ್ತದೆ.

ಸವರುವ ವಿಷಯ. ನೆಟ್ಟ ಮರುವರ್ಷವೇ ಕೆಳಗಿನ ರೆಂಬೆ ತೆಗೆದು ಉದ್ದಕ್ಕೆ ಎಳೆಯುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಎರಡು ವರ್ಷ ಕೆಳಗಿನ ರೆಂಬೆ ಮುಟ್ಟಬೇಡಿ. ಕಾಂಡ ದಪ್ಪವಾಗಲು ಅವೇ ಊಟ ಕೊಡುವುದು. ಎಳೆ ತೊಗಟೆಗೆ ಪಶ್ಚಿಮದ ಬಿಸಿಲು ತಾಗದಂತೆ ಕಾಯುವುದೂ ಅವೇ. ಎರಡು ತುದಿ ಸಮಸಮವಾಗಿ ಏರುತ್ತಿದ್ದರೆ ಒಂದನ್ನು ತೆಗೆಯಿರಿ. ಇಷ್ಟು ಸಾಕು. ಮೂರನೇ ವರ್ಷದಿಂದ, ಮಳೆ ಮುಗಿದು ಚಳಿ ಹಿಡಿಯುವ ಹೊತ್ತಿಗೆ, ವರ್ಷಕ್ಕೊಂದು ಸುತ್ತು ಕೆಳಗಿನ ರೆಂಬೆ ತೆಗೆಯುತ್ತ ಹೋಗಿ. ಒಂದು ಸಲಕ್ಕೆ ಒಟ್ಟು ಎಲೆಯ ಕಾಲು ಭಾಗಕ್ಕಿಂತ ಜಾಸ್ತಿ ಕಡಿಯಬೇಡಿ. ಕತ್ತರಿಸಿದಲ್ಲಿ ಹಾಲು ಸುರಿಯುತ್ತದೆ, ಗಾಬರಿ ಬೇಡ, ತಾನೇ ನಿಲ್ಲುತ್ತದೆ. ಬಕುಳ ತನ್ನಷ್ಟಕ್ಕೇ ದುಂಡಗೆ ತಲೆ ಕಟ್ಟುವ ಮರ. ಕತ್ತರಿ ಹಿಡಿದು ಛತ್ರಿ, ಚೆಂಡು ಮಾಡುವವರ ಕೈಗೆ ಇದನ್ನು ಕೊಡಬೇಡಿ.

ಕೀಟ, ರೋಗ ಕಡಿಮೆ. ಹಿಟ್ಟು ತಿಗಣೆ ಕಂಡರೆ ಪೈಪಿನ ನೀರಿನ ರಭಸಕ್ಕೆ ಅರ್ಧ ಹೋಗುತ್ತದೆ, ಉಳಿದದ್ದಕ್ಕೆ ಬೇವಿನೆಣ್ಣೆ ಹೊಡೆಯಿರಿ. ಸಪೋಟದ ಎಲೆಗಳನ್ನು ನೂಲಿನಿಂದ ಹೆಣೆದು ಒಳಗೆ ಕೂತು ತಿನ್ನುವ ಹುಳು ಇದರ ಮೇಲೂ ಬರುತ್ತದೆ. ಆ ಗೊಂಚಲು ಕಿತ್ತು ನಾಶ ಮಾಡಿದರೆ ಮುಗಿಯಿತು. ದೊಡ್ಡ ಮರದಲ್ಲಿ ಬದನಿಕೆ ಕಂಡರೆ ಮಾತ್ರ ತಡ ಮಾಡಬೇಡಿ. ಅದು ಮರದ ನೀರನ್ನೇ ಕದ್ದು ಬದುಕುವ ಗಿಡ, ಬರದ ವರ್ಷದಲ್ಲಿ ರೆಂಬೆಯನ್ನೇ ಒಣಗಿಸುತ್ತದೆ. ಅದು ಅಂಟಿರುವ ರೆಂಬೆಯನ್ನು ಒಂದಡಿ ಕೆಳಗಿನಿಂದ ಸೇರಿಸಿ ತೆಗೆಯಬೇಕು.

ಮರ ದೊಡ್ಡದಾದ ಮೇಲೆ ನಮ್ಮ ಊರುಗಳಲ್ಲಿ ಅದನ್ನು ಕೊಲ್ಲುವುದು ಬರಕ್ಕಿಂತ ಜಾಸ್ತಿ ಕಾಂಕ್ರೀಟ್. ರಸ್ತೆ ಬದಿ ಮಾಡುವಾಗ ಕಾಂಡಕ್ಕೆ ಅಂಟಿಸಿ ಸಿಮೆಂಟ್ ಹಾಕಿಬಿಡುತ್ತಾರೆ. ಕೆಲಸದವರಿಗೆ ಯಾರೂ ಹೇಳಿರುವುದಿಲ್ಲ, ಅವರು ಹಾಕುತ್ತಾರೆ. ಮಳೆ ನೀರು ಒಳಗೆ ಇಳಿಯುವುದಿಲ್ಲ, ಬೇರಿಗೆ ಗಾಳಿಯಿಲ್ಲ. ಕಾಂಡ ದಪ್ಪವಾದಂತೆ ಸಿಮೆಂಟಿನ ಅಂಚು ತೊಗಟೆಯನ್ನು ಕೊರೆಯುತ್ತದೆ. ಬುಡದ ಸುತ್ತ 4 ಅಡಿಗೆ 4 ಅಡಿ ಬರೀ ಮಣ್ಣು ಬಿಡಿಸಿಕೊಳ್ಳಿ. ಕೆಲಸ ನಡೆಯುವ ದಿನ ಎದುರು ನಿಂತು ಹೇಳಬೇಕು. ಆಮೇಲೆ ಒಡೆಸುವುದು ಕಷ್ಟ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ಅಮ್ಮ ಕೇಳಿದರು: "ನಮ್ಮದು 30-40 ಸೈಟು. ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ ಇದೆ. ಅಲ್ಲಿ ಹಾಕಲಾ?"

ಬೇಡಮ್ಮ. ಬಕುಳಕ್ಕೆ ಗೋಡೆಯಿಂದ 12ರಿಂದ 15 ಅಡಿ ಬೇಕು. ಮೂರಡಿಯಲ್ಲಿ ಪಾರಿಜಾತ, ಕರಿಬೇವು ಹಾಕಿಕೊಳ್ಳಿ. ಬಕುಳವನ್ನು ನಿಮ್ಮ ಬಡಾವಣೆಯ ಪಾರ್ಕಿನಲ್ಲಿ, ಇಲ್ಲವೇ ರಸ್ತೆ ಬದಿಯಲ್ಲಿ ತಂತಿ ಇಲ್ಲದ ಕಡೆ ನೆಡಿ. ತಂತಿ ಕೆಳಗೆ ನೆಟ್ಟರೆ ಪ್ರತಿ ಮಳೆಗಾಲಕ್ಕೆ ಮುಂಚೆ ತಲೆ ಕಡಿಯುತ್ತಾರೆ. ಇನ್ನೊಂದು ನೆನಪಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಿಮ್ಮ ಅಂಗಳದಲ್ಲೇ ಬೆಳೆದದ್ದಾದರೂ ಇಂಥ ಮರ ಕಡಿಯಲು ಅನುಮತಿ ಬೇಕು. ಜಾಗ ಯೋಚಿಸುವುದು ನೆಡುವ ಮೊದಲೇ ಆಗಬೇಕು.

"ಬೇರು ಸಂಪು ಒಡೆಯುತ್ತದಾ?" ಅಂತ ಇನ್ನೊಬ್ಬರು ಕೇಳಿದರು. ಗಟ್ಟಿಯಾಗಿರುವ ಸಂಪನ್ನು ಬಕುಳದ ಬೇರು ಒಡೆದು ನುಗ್ಗುವುದಿಲ್ಲ. ಸೋರುತ್ತಿರುವ ಸಂಪಿನ ಬಿರುಕಿಗೆ ಯಾವ ಮರದ ಬೇರಾದರೂ ಬರುತ್ತದೆ. ಮರ ದೂರ ಇಡಿ, ಸಂಪಿನ ಸೋರಿಕೆಯನ್ನೂ ನಿಲ್ಲಿಸಿ.

ನಿವೃತ್ತ ಮೇಷ್ಟ್ರು ಒಬ್ಬರ ಪ್ರಶ್ನೆ ಚೆನ್ನಾಗಿತ್ತು: "ನಮ್ಮ ಮನೆ ಮುಂದೆ ಈಗಾಗಲೇ ಎಂಟು ಹತ್ತು ವರ್ಷದ ಬಕುಳ ಇದೆ. ದಿನಾ ನೀರು ಹಾಕಿಯೇ ಬೆಳೆಸಿದ್ದೇವೆ. ಈಗ ನಿಲ್ಲಿಸಿದರೆ ಸಾಯುತ್ತದಾ?"

ಒಮ್ಮೆಗೇ ನಿಲ್ಲಿಸಿದರೆ ಕಷ್ಟ ಸರ್. ಮಳೆಗಾಲದಲ್ಲಿ ಶುರು ಮಾಡಿ. ಬುಡಕ್ಕೆ ಹಾಕುವುದನ್ನು ಬಿಟ್ಟು, ಎಲೆಯ ಅಂಚು ನೆಲಕ್ಕೆ ನೆರಳು ಬೀಳಿಸುವ ಜಾಗದಲ್ಲಿ ಸುತ್ತಲೂ ಪಾತಿ ಮಾಡಿ. ಅಲ್ಲಿಗೆ ವಾರಕ್ಕೊಮ್ಮೆ ತುಂಬ ನೀರು, ಮೇಲೆ ಹೊದಿಕೆ. ಮುಂದಿನ ಬೇಸಿಗೆಗೆ ಹತ್ತು ದಿನಕ್ಕೊಮ್ಮೆ, ಅದರ ಮುಂದಿನದಕ್ಕೆ ಇಪ್ಪತ್ತು ದಿನಕ್ಕೊಮ್ಮೆ. ಚಾವಣಿಯ ಮಳೆ ನೀರಿನ ಪೈಪನ್ನು ಆ ಪಾತಿಗೆ ತಿರುಗಿಸಿದರೆ ಇನ್ನೂ ಒಳ್ಳೆಯದು.

"ಬೀಜದಿಂದ ನಾವೇ ಮಾಡಿಕೊಳ್ಳಬಹುದಾ?" ಧಾರಾಳವಾಗಿ. ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿ ಬಿದ್ದಾಗ ಆರಿಸಿ. ತಿನ್ನಬಹುದು, ಸ್ವಲ್ಪ ಹಿಟ್ಟು ಹಿಟ್ಟು, ಒಗರು. ಬಾವಲಿ, ಕೋಗಿಲೆ ಬಿಟ್ಟರೆ ನಿಮಗೆ ಸಿಗುತ್ತದೆ. ಬೀಜ ತೊಳೆದು ಒಂದು ದಿನ ನೆರಳಲ್ಲಿ ಆರಿಸಿ ತಕ್ಷಣ ಬಿತ್ತಿ. ಎಣ್ಣೆ ಅಂಶದ ಬೀಜ, ಇಟ್ಟಷ್ಟೂ ಮೊಳಕೆ ಕಡಿಮೆ. ಕೆಲವು ಮೂರು ವಾರಕ್ಕೆ ಏಳುತ್ತವೆ, ಕೆಲವು ಎರಡು ತಿಂಗಳು ಕೂರುತ್ತವೆ. ಕವರ್ ಬಿಸಾಡುವ ಆತುರ ಮಾಡಬೇಡಿ.

ಕೊನೆಗೆ ಒಬ್ಬ ಹುಡುಗ ಕೇಳಿದ: "ಸರ್, ಎಂಟು ಅಡಿ ಗಿಡವೇ ಸಿಗುತ್ತೆ. ಅದನ್ನೇ ತಂದರೆ ಬೇಗ ನೆರಳು ಅಲ್ವಾ?"

ಎಂಟು ಅಡಿ ಗಿಡಕ್ಕೆ ಎಲೆ ಜಾಸ್ತಿ, ಚೀಲದಲ್ಲಿ ಬೇರು ಕಡಿಮೆ. ಅದು ಎರಡು ಬೇಸಿಗೆ ಸುಧಾರಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಅಷ್ಟರಲ್ಲಿ ಚಿಕ್ಕದೇ ಅದನ್ನು ಹಿಡಿದುಬಿಡಬಹುದು. ಎರಡು, ಮೂರು ಅಡಿಯದು ತನ್ನಿ. ಆರಿಸುವಾಗ ಎತ್ತರ ನೋಡಬೇಡ, ಕಾಂಡದ ದಪ್ಪ ನೋಡು. ಕೆಳಗಿನವರೆಗೂ ಎಲೆ ಇರಬೇಕು. ಆಸರೆ ಕೋಲು ಬಿಚ್ಚಿದರೆ ತಾನೇ ನಿಲ್ಲಬೇಕು. ಚೀಲ ಎತ್ತಿ ತಳ ನೋಡು. ಬೇರು ಚೀಲ ತೂತು ಮಾಡಿ ನರ್ಸರಿಯ ನೆಲಕ್ಕೆ ಇಳಿದಿದ್ದರೆ ಅದನ್ನು ಕಿತ್ತು ಕೊಡುತ್ತಾರೆ, ಮುಖ್ಯ ಬೇರು ಅಲ್ಲೇ ಉಳಿಯುತ್ತದೆ. ಅದು ಬೇಡ ಅನ್ನು, ಪಕ್ಕದ್ದು ಕೇಳು.